ಹೆಡ್‌ನೊಳಗೆ ಮುರಿದು ಕೂತ ಸ್ಟಡ್: ಈಜಿ ಔಟ್ ಕೈಗೆತ್ತಿಕೊಳ್ಳುವ ಮೊದಲು

ಪ್ರಶ್ನೆ: ನನ್ನದು 2012ರ ಮಾರುತಿ ಜಿಪ್ಸಿ. ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ದಿನವೂ ಓಡುತ್ತದೆ, ಮಳೆಗಾಲದಲ್ಲಿ ಹಳ್ಳ ದಾಟುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು, ಬಿಸಿಯಾದ ಮೇಲೆ ಕಡಿಮೆಯಾಗುತ್ತಿತ್ತು. ನೋಡಿದರೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಎಂಜಿನ್ ಹೆಡ್‌ಗೆ ಹಿಡಿದಿಡುವ ಸ್ಟಡ್‌ಗಳಲ್ಲಿ (ತಲೆಯಿಲ್ಲದ ಬೋಲ್ಟ್) ಹಿಂದಿನ ತುದಿಯದ್ದು ತಾನಾಗಿಯೇ ಮುರಿದಿದೆ. ತುಂಡು ಹೆಡ್‌ನ ಮುಖದಿಂದ ಸುಮಾರು ಮೂರು ಮಿ.ಮೀ. ಒಳಗಿದೆ. ಮ್ಯಾನಿಫೋಲ್ಡ್ ಬಿಚ್ಚುವಾಗ ಪಕ್ಕದ ಸ್ಟಡ್ ಕೂಡ ನಟ್ಟಿನ ಜೊತೆ ತಿರುಚಿಕೊಂಡು ಮುರಿಯಿತು. ಅದರ ಐದಾರು ಮಿ.ಮೀ. ಹೊರಗೆ ಉಳಿದಿದೆ. ಗ್ಯಾರೇಜಿನವರು ಈಜಿ ಔಟ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ಹೆಡ್ ಇಳಿಸಲೇಬೇಕು ಎನ್ನುತ್ತಾರೆ. ನನ್ನ ಹತ್ತಿರ ಡ್ರಿಲ್ ಮಷೀನ್ ಇದೆ, ನಾನೇ ಮಾಡಬಹುದೇ? ಹಿಂದಿನ ಎಡಗಡೆ ಕಮಾನ್ ಪಟ್ಟಾದ ಕಣ್ಣಿನ ಬೋಲ್ಟ್ ಕೂಡ ಜಾಮ್ ಆಗಿದೆ. ಅದೂ ಮುರಿಯುತ್ತದೆಯೇ?

ಉತ್ತರ: ಈಜಿ ಔಟ್, ಅಂದರೆ ಮುರಿದ ತುಂಡಿನಲ್ಲಿ ತೂತು ಕೊರೆದು, ಅದರೊಳಗೆ ಇಳಿಸಿ ತಿರುಗಿಸಿ ತುಂಡನ್ನು ಹೊರತೆಗೆಯುವ ಉಪಕರಣ, ಈಗ ಬೇಡ. ಗ್ಯಾರೇಜಿನವರಿಗೆ ಇವತ್ತೇ ಹೇಳಿಬಿಡಿ. ಹೆಡ್ ಇಳಿಸುವುದೂ ಈಗಲೇ ಬೇಡ. ನಿಮ್ಮ ಹೆಡ್‌ನಲ್ಲಿ ಮುರಿದಿರುವ ಎರಡು ಸ್ಟಡ್‌ಗಳು ನೋಡಲು ಒಂದೇ ಥರ ಕಂಡರೂ ಮುರಿದ ಕಾರಣ ಬೇರೆ ಬೇರೆ. ಆದ್ದರಿಂದ ತೆಗೆಯುವ ದಾರಿಯೂ ಬೇರೆ.

ತುದಿಯ ಸ್ಟಡ್ ತಾನಾಗಿಯೇ ಮುರಿದದ್ದು. ಅದನ್ನು ಯಾರೂ ಪಾನಾ ಹಾಕಿ ತಿರುಗಿಸಿಲ್ಲ. ಟಾರ್ಚ್ ಬಿಟ್ಟು ಮುರಿದ ಮುಖ ನೋಡಿ. ಬಹುಭಾಗ ನಯವಾಗಿ, ಕಪ್ಪಾಗಿ, ಒಂದು ಮೂಲೆಯಿಂದ ಹರಡಿದ ಅರ್ಧಚಂದ್ರದ ಗೆರೆಗಳ ಹಾಗೆ ಕಂಡು, ಉಳಿದ ಚಿಕ್ಕ ಭಾಗ ಮಾತ್ರ ಒರಟಾಗಿದ್ದರೆ ಅದು ದಣಿವಿನಿಂದ ಆದ ಮುರಿತ. ತಿಂಗಳುಗಟ್ಟಲೆ ಅತ್ತಿತ್ತ ಬಾಗಿ ಬಾಗಿ ಸಣ್ಣ ಬಿರುಕು ಬೆಳೆದು ಕೊನೆಗೊಂದು ದಿನ ಉಳಿದ ಭಾಗ ತಡೆಯದೆ ತುಂಡಾಗಿರುತ್ತದೆ. ಇಂಥ ಸ್ಟಡ್ ಹೆಡ್‌ನ ಥ್ರೆಡ್‌ನಲ್ಲಿ ಬಿಗಿಯಾಗಿ ಕಚ್ಚಿಕೊಂಡಿದೆ ಎನ್ನಲು ಯಾವ ಸಾಕ್ಷಿಯೂ ಇಲ್ಲ. ನಟ್ ಬಿಗಿಯಾಗಿದ್ದಾಗ ಇದ್ದ ಎಳೆತ ಮುರಿದ ಕ್ಷಣವೇ ಹೋಗಿದೆ. ಕೆಲವೊಮ್ಮೆ ಇಂಥ ತುಂಡು ಸಣ್ಣ ಉಳಿಯ ಪೆಟ್ಟಿಗೇ ತಿರುಗಿ ಬರುತ್ತದೆ.

ಪಕ್ಕದ ಸ್ಟಡ್‌ನ ಕಥೆ ಬೇರೆ. ನಟ್ಟು ತುಕ್ಕಿನಿಂದ ಸ್ಟಡ್‌ಗೆ ಅಂಟಿತ್ತು, ಸರಿ. ಹಾಗಾದರೆ ಪಾನಾ ತಿರುಗಿಸಿದಾಗ ನಟ್ಟಿನ ಜೊತೆ ಇಡೀ ಸ್ಟಡ್ಡೇ ಹೆಡ್‌ನಿಂದ ಬಿಚ್ಚಿ ಬರಬೇಕಿತ್ತು. ಬರಲಿಲ್ಲ, ನಡುವೆ ಮುರಿಯಿತು. ಅಂದರೆ ಹೆಡ್ ಒಳಗಿನ ಹಿಡಿತ ಸ್ಟಡ್‌ನ ಉಕ್ಕಿಗಿಂತ ಗಟ್ಟಿಯಾಗಿತ್ತು. ಮುಂದಿನ ಲೆಕ್ಕಕ್ಕೆಲ್ಲ ಇದೇ ಆಧಾರ.

8.8 ದರ್ಜೆಯ (ಉಕ್ಕಿನ ಗಟ್ಟಿತನದ ಗುರುತು) ಎಂ8, ಅಂದರೆ 8 ಮಿ.ಮೀ. ವ್ಯಾಸದ ಬೋಲ್ಟನ್ನು ಬರೀ ತಿರುಚಿ ಮುರಿಯಲು ಸುಮಾರು 33 ನ್ಯೂಟನ್ ಮೀಟರ್ ಬಲ ಬೇಕು. ತಿರುಚುವ ಬಲವನ್ನು ತಡೆಯುವ ಶಕ್ತಿ ವ್ಯಾಸದ ಘನದ ಲೆಕ್ಕದಲ್ಲಿ ಏರಿಳಿಯುತ್ತದೆ. ಎಂ8 ಥ್ರೆಡ್‌ನ ತಳದ ವ್ಯಾಸ ಸುಮಾರು 6.5 ಮಿ.ಮೀ. ಅದರೊಳಗೆ ತೂತು ಕೊರೆದು ಇಳಿಸಬಹುದಾದ ಈಜಿ ಔಟ್‌ನ ತೆಳ್ಳನೆಯ ಭಾಗ ಹೆಚ್ಚೆಂದರೆ 4 ಮಿ.ಮೀ. ಲೆಕ್ಕ ಹಾಕಿ: ಅದೇ ಉಕ್ಕಾದರೆ ಕಾಲುಭಾಗಕ್ಕಿಂತ ಕಡಿಮೆ ಬಲ ತಡೆಯುತ್ತದೆ. ಈಜಿ ಔಟ್‌ನ ಉಕ್ಕು ಎರಡು ಪಟ್ಟು ಗಟ್ಟಿ ಎಂದುಕೊಂಡರೂ ಅರ್ಧಕ್ಕೆ ಬರುವುದಿಲ್ಲ. ಇಡೀ ಸ್ಟಡ್ ಮುರಿದರೂ ಜಗ್ಗದ ಹಿಡಿತವನ್ನು ಅದರ ಅರ್ಧ ಬಲವೂ ಇಲ್ಲದ ಉಪಕರಣ ಬಿಡಿಸುವುದು ಹೇಗೆ? ಮೇಲಾಗಿ ಸುರುಳಿ ಆಕಾರದ ಮೊನಚು ಈಜಿ ಔಟ್ ಒಳಗಿಳಿದಷ್ಟೂ ತುಂಡಿನ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಮರ ಸೀಳಲು ಬೆಣೆ ಹೊಡೆದ ಹಾಗೆ. ಮೊದಲೇ ಕಚ್ಚಿದ್ದ ಥ್ರೆಡ್ ಇನ್ನಷ್ಟು ಬಿಗಿಯಾಗುತ್ತದೆ. ನಂತರ ಈಜಿ ಔಟ್ ಟಪ್ ಎಂದು ಒಳಗೇ ಮುರಿಯುತ್ತದೆ. ಅದು ಗಟ್ಟಿ ಮಾಡಿದ ಉಕ್ಕು. ಸಾಮಾನ್ಯ ಎಚ್‌ಎಸ್‌ಎಸ್ ಡ್ರಿಲ್ ಬಿಟ್ ಅದರ ಮೇಲೆ ಗೀರೂ ಹಾಕುವುದಿಲ್ಲ. ಮೂರು ನೂರು ರೂಪಾಯಿಯ ಕೆಲಸ ಆಗ ಮೂರು ಸಾವಿರದ್ದಾಗುತ್ತದೆ, ಹೆಡ್ ನಿಜವಾಗಿಯೂ ಇಳಿಸಬೇಕಾಗುತ್ತದೆ. ನಮ್ಮ ಕಡೆ ಹಾಳಾದ ಹೆಡ್‌ಗಳಲ್ಲಿ ಬಹಳಷ್ಟನ್ನು ಹಾಳು ಮಾಡಿದ್ದು ಮುರಿದ ಸ್ಟಡ್ ಅಲ್ಲ, ಅದನ್ನು ತೆಗೆಯಲು ಅವಸರದಲ್ಲಿ ಹಾಕಿದ ಈಜಿ ಔಟ್ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಈಜಿ ಔಟ್‌ಗೂ ಅದರದೇ ಜಾಗವಿದೆ. ಹೆಚ್ಚು ಬಿಗಿ ಮಾಡಲು ಹೋಗಿ ತಲೆ ಹಾರಿದ ಹೊಸ ಬೋಲ್ಟ್, ಎಣ್ಣೆಯಲ್ಲೇ ಇದ್ದ ಗೇರ್‌ಬಾಕ್ಸ್ ಬೋಲ್ಟ್, ಪೆಟ್ಟು ತಿಂದು ತುಂಡಾದ ಸ್ಕ್ರೂ, ಹೀಗೆ ಜಾಮ್ ಆಗದೆ ಮುರಿದವಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಲ್ಲಿಯೂ ಸುರುಳಿಯದ್ದಕ್ಕಿಂತ ನೇರ ಅಂಚುಗಳಿರುವ ಎಕ್ಸ್‌ಟ್ರಾಕ್ಟರ್ ಮೇಲು, ಅದು ತುಂಡನ್ನು ಅಷ್ಟಾಗಿ ಉಬ್ಬಿಸುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಒಂದಿಷ್ಟು ತಯಾರಿ. ಜಿಪ್ಸಿಯ 1.3 ಲೀಟರ್ ಎಂಜಿನ್‌ನ ಹೆಡ್ ಅಲ್ಯೂಮಿನಿಯಂ. ಎಕ್ಸಾಸ್ಟ್ ಪೋರ್ಟ್‌ಗಳಿಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿ ಮುಚ್ಚಿ. ತೆರೆದ ವಾಲ್ವ್ ಮೂಲಕ ಒಂದು ಉಕ್ಕಿನ ಚೂರು ಸಿಲಿಂಡರ್‌ಗೆ ಬಿದ್ದರೂ ಪಿಸ್ಟನ್ ಮತ್ತು ಬೋರ್‌ಗೆ ಗೀರು ಬೀಳುತ್ತದೆ. ವೆಲ್ಡಿಂಗ್ ಮಾಡುವ ಹೊತ್ತಿಗೆ ಆ ಬಟ್ಟೆ ತೆಗೆದು ತಗಡಿನ ಮರೆ ಕಟ್ಟಿ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಕೂಡ ಕಳಚಿಡಿ. ಪೆಟ್ರೋಲ್ ಗಾಡಿ, ಪೈಪುಗಳಲ್ಲಿ ಎಲ್ಲಿಯೂ ಸೋರಿಕೆ ಇಲ್ಲವೆಂದು ನೋಡಿಕೊಂಡು ಹತ್ತಿರ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟುಕೊಳ್ಳಿ. ಇನ್ನೊಂದು ಮಾತು ಕಡ್ಡಾಯವಾಗಿ ನೆನಪಿರಲಿ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ವೆಲ್ಡಿಂಗ್ ಮಾಡಬೇಡಿ. ಅದರ ಆವಿ ಆರ್ಕ್‌ಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪ ಉಸಿರಿಗೆ ಹೋದರೂ ಶ್ವಾಸಕೋಶಕ್ಕೆ ಅಪಾಯ. ಡಬ್ಬಿಯ ಮೇಲೆ ಬರೆದದ್ದು ಓದಿ, ಅನುಮಾನವಿದ್ದರೆ ಸೋಪಿನ ನೀರಿನಿಂದ ತೊಳೆದು ಒಣಗಿಸಿ.

ಎಣ್ಣೆಯ ವಿಷಯ. ನಮ್ಮಲ್ಲಿ ಎಲ್ಲದಕ್ಕೂ ಡಬ್ಲ್ಯೂಡಿ-40 ಹೊಡೆಯುವ ಅಭ್ಯಾಸವಿದೆ. ಅದು ಮೂಲತಃ ತೇವ ದೂಡಲು ಮಾಡಿದ ದ್ರವ, ತುಕ್ಕಿನ ಸಂದಿಗೆ ನುಗ್ಗುವುದರಲ್ಲಿ ಅದಕ್ಕೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್‌ಗಳು ಮೇಲು. ಪವರ್ ಸ್ಟಿಯರಿಂಗ್‌ಗೆ ಹಾಕುವ ಎಟಿಎಫ್ ಮತ್ತು ಅಸಿಟೋನ್ ಅರ್ಧರ್ಧ ಬೆರೆಸಿದರೂ ಚೆನ್ನಾಗಿ ಇಳಿಯುತ್ತದೆ. ಎರಡೂ ಬೇರ್ಪಡುತ್ತವೆ, ಹಾಗಾಗಿ ಪ್ರತಿ ಸಲ ಕುಲುಕಿ ಹಾಕಬೇಕು. ಬೇಗ ಹೊತ್ತಿಕೊಳ್ಳುವ ವಸ್ತು, ಬೆಂಕಿಯ ಕೆಲಸಕ್ಕೆ ಮೊದಲು ಪೂರ್ತಿ ಆರಲಿ. ಯಾವುದನ್ನೇ ಹಾಕಿ, ಒಂದು ರಾತ್ರಿಯಾದರೂ ಬಿಡಿ. ನಡುನಡುವೆ ಹೋಗಿ ತುಂಡಿನ ತುದಿಗೆ ಪಂಚ್ ಇಟ್ಟು ಸಣ್ಣ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಡಿ. ತುಕ್ಕು ಬಿರುಸಾದ ವಸ್ತು, ಅದುರಿದರೆ ಒಡೆಯುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಆದರೆ ಹೆಡ್‌ನಲ್ಲಿರುವ ಸ್ಟಡ್‌ಗೆ ಎಣ್ಣೆ ಒಂದೇ ಕಡೆಯಿಂದ ಹೋಗಬೇಕು, ಹಿಂದೆ ದಾರಿಯಿಲ್ಲ. ಹಾಗಾಗಿ ಎಣ್ಣೆಯ ಮೇಲೆ ಹೆಚ್ಚು ಭರವಸೆ ಬೇಡ. ನಿಮ್ಮ ಕೆಲಸ ಮಾಡುವುದು ಬಿಸಿ.

ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 150 ಡಿಗ್ರಿಯಷ್ಟು ಬಿಸಿ ಏರಿಸಿದರೆ 8 ಮಿ.ಮೀ. ತೂತು ಒಳಗಿನ ಸ್ಟಡ್‌ಗಿಂತ ಒಂದು ಮಿ.ಮೀ.ನ ನೂರರಲ್ಲಿ ಒಂದು ಪಾಲಿನಷ್ಟು ಹೆಚ್ಚು ಅಗಲವಾಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ತುಕ್ಕಿನ ಕಚ್ಚನ್ನು ಬಿಡಿಸಲು ಅದು ಸಾಕು. ಹಾಟ್ ಏರ್ ಗನ್ ಅಥವಾ ಸಣ್ಣ ಗ್ಯಾಸ್ ಟಾರ್ಚ್‌ನಿಂದ ಸ್ಟಡ್ ಸುತ್ತಲಿನ ಹೆಡ್ ಬಿಸಿ ಮಾಡಿ. ಆಕ್ಸಿ-ಅಸಿಟಲೀನ್ ಕಟಿಂಗ್ ಜ್ವಾಲೆಯನ್ನು ಅಲ್ಯೂಮಿನಿಯಂ ಹತ್ತಿರ ತರಲು ಬಿಡಲೇಬೇಡಿ. ಕಬ್ಬಿಣ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ ನೋಡನೋಡುತ್ತಲೇ ಕುಸಿದು ಬೀಳುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಹೊಳೆಯುವ ಮೇಲ್ಮೈಗೆ ನೇರವಾಗಿ ಹಿಡಿಯಬೇಡಿ, ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಕಪ್ಪು ಮಾರ್ಕರ್‌ನಿಂದ ಒಂದು ಚುಕ್ಕೆ ಬಳಿದು ಅಲ್ಲಿಗೆ ಹಿಡಿಯಿರಿ.

ಈಗ ಮೊದಲು ಹೊರಗೆ ಉಳಿದ ಸ್ಟಡ್. ಐದಾರು ಮಿ.ಮೀ. ಹೊರಗಿದ್ದರೆ ಅದು ನಿಮ್ಮ ಅದೃಷ್ಟ. ಗ್ರಿಪ್ ಪ್ಲೈಯರ್ ಹಾಕಿ ಅದನ್ನೂ ತಿರುಚಿ ಕಳೆದುಕೊಳ್ಳಬೇಡಿ. ನಟ್ ವೆಲ್ಡಿಂಗ್ ಮಾಡಿಸಿ. ಊರಿನಲ್ಲಿ ಒಬ್ಬ ಒಳ್ಳೆಯ ಮಿಗ್ ಅಥವಾ ಟಿಗ್ (ಕಡ್ಡಿಯ ಬದಲು ಗ್ಯಾಸ್‌ನ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್) ವೆಲ್ಡರ್ ಸಿಕ್ಕರೆ ನೀವು ಅರ್ಧ ಗೆದ್ದಂತೆ. ಸ್ಟಡ್‌ನ ತುದಿಯನ್ನು ತುಕ್ಕು ಹೋಗುವವರೆಗೆ ಉಜ್ಜಿ ಹೊಳೆಯುವಂತೆ ಮಾಡಿ. ಒಂದು ಎಂ8 ಅಥವಾ ಎಂ10 ನಟ್ ತೆಗೆದುಕೊಳ್ಳಿ. ಸತುವಿನ ಲೇಪ ಇಲ್ಲದ ಕಪ್ಪು ನಟ್ ಆದರೆ ಒಳ್ಳೆಯದು, ಇದ್ದರೆ ಗ್ರೈಂಡರ್‌ನಿಂದ ಲೇಪ ತೆಗೆಯಿರಿ. ಸತುವಿನ ಹೊಗೆ ಜ್ವರ ತರಿಸುತ್ತದೆ, ವೆಲ್ಡ್ ಕೂಡ ನೊರೆ ನೊರೆಯಾಗುತ್ತದೆ. ನಟ್ಟನ್ನು ಸ್ಟಡ್ ಮೇಲೆ ಕೂರಿಸಿ ಒಳಗಿನ ತೂತಿನ ಮೂಲಕ ತುಂಬಿ ವೆಲ್ಡ್ ಮಾಡಬೇಕು, ಅಂಚಿಗೆ ಸುಮ್ಮನೆ ಚುಕ್ಕೆ ಇಟ್ಟರೆ ಹರಿದುಹೋಗುತ್ತದೆ. ಅರ್ಥ್ ಕ್ಲಾಂಪ್ ಹೆಡ್ ಮೇಲೆಯೇ, ಸ್ಟಡ್‌ಗೆ ಹತ್ತಿರದಲ್ಲಿ ಇರಲಿ. ಚಾಸಿಗೆ ಹಾಕಿದರೆ ಕರೆಂಟ್ ಬೇರಿಂಗ್‌ಗಳ ಮೂಲಕ ದಾರಿ ಹುಡುಕುತ್ತದೆ.

ವೆಲ್ಡ್‌ನ ನಿಜವಾದ ಲಾಭ ಹಿಡಿಯಲು ನಟ್ ಸಿಗುವುದಷ್ಟೇ ಅಲ್ಲ. ಸ್ಟಡ್‌ನ ನಡುವಿನಿಂದಲೇ ಬಿಸಿ ಹೋಗಿ ಅದು ಕೆಂಪಾಗುತ್ತದೆ, ಹಿಗ್ಗಲು ಜಾಗವಿಲ್ಲದೆ ಥ್ರೆಡ್‌ನೊಳಗೇ ಅದುಮಿಕೊಳ್ಳುತ್ತದೆ. ತಣ್ಣಗಾದಾಗ ಮೊದಲಿಗಿಂತ ಕೂದಲೆಳೆಯಷ್ಟು ಸಣ್ಣಗಾಗಿರುತ್ತದೆ, ತುಕ್ಕು ಒಡೆದಿರುತ್ತದೆ. ಆದ್ದರಿಂದ ಕೆಂಪಗಿರುವಾಗ ತಿರುಗಿಸಬೇಡಿ, ಕೆಂಪಗಿನ ಉಕ್ಕು ಮೆತ್ತಗೆ ತಿರುಚಿಕೊಳ್ಳುತ್ತದೆ. ಕೆಂಪು ಆರಿ ಇನ್ನೂ ಬಿಸಿಯಿರುವ ಹೊತ್ತಿಗೆ ಒಂದು ಮೇಣದ ಬತ್ತಿಯನ್ನು ಸ್ಟಡ್‌ನ ಬುಡಕ್ಕೆ ತಾಗಿಸಿ. ಕರಗಿದ ಮೇಣ ಸಂದಿಯೊಳಗೆ ಎಳೆದುಕೊಂಡು ಹೋಗುತ್ತದೆ. ಆಮೇಲೆ ರಿಂಗ್ ಪಾನಾ ಹಾಕಿ ಮೊದಲು ಬಿಗಿಯ ಕಡೆಗೆ ಒಂದು ಕೂದಲಿನಷ್ಟು, ಮತ್ತೆ ಬಿಚ್ಚುವ ಕಡೆಗೆ. ಅತ್ತ ಸ್ವಲ್ಪ, ಇತ್ತ ಸ್ವಲ್ಪ. ಕೀಚ್ ಎಂದು ಸದ್ದು ಬಂದರೆ ಗೆದ್ದಿರಿ. ಅಲ್ಲಿಂದ ಒಂದೇ ಸಮನೆ ಎಳೆಯದೆ ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ಹಿಂದಕ್ಕೆ, ಎಣ್ಣೆ ಹಾಕುತ್ತಾ. ನಟ್ ಕಿತ್ತು ಬಂದರೆ ಬೇಸರ ಬೇಡ, ಇನ್ನೊಂದು ವೆಲ್ಡ್ ಮಾಡಿ. ಪ್ರತಿ ಸಲದ ಬಿಸಿಯೂ ಹಿಡಿತವನ್ನು ಒಂದಿಷ್ಟು ಸಡಿಲಿಸಿಯೇ ಇರುತ್ತದೆ. ಇಲ್ಲಿ ತಾಳ್ಮೆ ಕಳೆದುಕೊಂಡು ಡ್ರಿಲ್‌ಗೆ ಹಾರುವುದೇ ದೊಡ್ಡ ತಪ್ಪು.

ಒಳಗೆ ಮುರಿದ ತುಂಡಿಗೆ ಬರೋಣ. ಹೇಳಿದೆನಲ್ಲ, ಅದು ಸಡಿಲವೇ ಇರಬಹುದು. ಹೆಡ್ ಬಿಸಿ ಮಾಡಿ, ಚಿಕ್ಕ ಚೂಪಾದ ಉಳಿಯನ್ನು ತುಂಡಿನ ಅಂಚಿನ ಹತ್ತಿರ ಓರೆಯಾಗಿ ಇಟ್ಟು ಬಿಚ್ಚುವ ದಿಕ್ಕಿಗೆ, ಅಂದರೆ ಎಡಕ್ಕೆ, ಸಣ್ಣದಾಗಿ ತಟ್ಟಿ. ಉಳಿ ಹೆಡ್‌ನ ಥ್ರೆಡ್‌ಗೆ ತಾಗಬಾರದು. ಹತ್ತು ನಿಮಿಷ ಪ್ರಯತ್ನಿಸಿ ಜಗ್ಗದಿದ್ದರೆ ನಿಲ್ಲಿಸಿ, ಹೆಚ್ಚು ಹೊಡೆದರೆ ತುಂಡಿನ ಬಾಯಿ ಅಗಲಿಸಿ ಇನ್ನಷ್ಟು ಬಿಗಿಯಾಗುತ್ತದೆ.

ಇದಕ್ಕೂ ಮುಂದಿನ ಹೆಜ್ಜೆ ವೆಲ್ಡಿಂಗೇ. ಮೂರು ಮಿ.ಮೀ. ಆಳದಲ್ಲಿ ಹೇಗೆ ಎಂದು ಕೇಳಬಹುದು. ಉಕ್ಕಿನ ಮಿಗ್ ತಂತಿ ಅಲ್ಯೂಮಿನಿಯಂಗೆ ಬೆಸೆದುಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕರಗಲು ಎರಡು ಸಾವಿರ ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಆದ್ದರಿಂದ ನುರಿತ ವೆಲ್ಡರ್ ತುಂಡಿನ ನಡುವೆಯೇ ಆರ್ಕ್ ಹಿಡಿದು ಚುಕ್ಕೆಯ ಮೇಲೆ ಚುಕ್ಕೆ ಇಡುತ್ತಾ ತೂತಿನೊಳಗಿನಿಂದ ಒಂದು ಸಣ್ಣ ಗುಬುಟನ್ನು ಮೇಲಕ್ಕೆ ಎಬ್ಬಿಸಬಲ್ಲ. ಅದು ಹೆಡ್‌ನ ಮುಖ ದಾಟಿ ಹೊರಬಂದ ಮೇಲೆ ಒಂದು ವಾಷರ್, ಅದರ ಮೇಲೆ ನಟ್. ಆಮೇಲೆ ಮೇಲೆ ಹೇಳಿದ್ದೇ ಕ್ರಮ. ಇದನ್ನು ಸಾಮಾನ್ಯ ಕಡ್ಡಿ ವೆಲ್ಡಿಂಗ್‌ನಲ್ಲಿ ಮಾಡಿಸಬೇಡಿ, 8 ಮಿ.ಮೀ. ತೂತಿನೊಳಗೆ ಕಡ್ಡಿಯ ಆರ್ಕ್ ಗೋಡೆಗೆ ಹಾರಿದರೆ ಥ್ರೆಡ್ ಕರಗುತ್ತದೆ. ಹೊರಗೆ ಉಳಿದ ಸ್ಟಡ್‌ಗಾದರೆ ಸ್ಟೇನ್‌ಲೆಸ್ ಕಡ್ಡಿಯೂ ನಡೆಯುತ್ತದೆ.

ವೆಲ್ಡರ್ ಸಿಗದಿದ್ದರೆ, ಅಥವಾ ಅದೂ ಫಲಿಸದಿದ್ದರೆ ಮಾತ್ರ ಡ್ರಿಲ್. ನಿಮ್ಮ ಹತ್ತಿರ ಡ್ರಿಲ್ ಇರುವುದು ದೊಡ್ಡ ವಿಷಯವಲ್ಲ, ನಡುಬಿಂದು ಸಿಗುವುದು ದೊಡ್ಡ ವಿಷಯ. ಉಕ್ಕು ಗಟ್ಟಿ, ಸುತ್ತಲ ಅಲ್ಯೂಮಿನಿಯಂ ಮೆತ್ತಗೆ. ಬಿಟ್ ಒಂದಿಷ್ಟು ಓರೆಯಾದರೂ ಮೆತ್ತನೆಯ ಕಡೆಗೇ ಜಾರುತ್ತದೆ. ಒಮ್ಮೆ ಅಲ್ಯೂಮಿನಿಯಂ ಹೊಕ್ಕ ಮೇಲೆ ಕೈಯಿಂದ ಅದನ್ನು ವಾಪಸು ತರಲು ಆಗುವುದಿಲ್ಲ. ಕಣ್ಣಳತೆಯ ಸೆಂಟರ್ ಪಂಚ್ ನಂಬಿ ಕೊರೆಯಲು ಹೋಗಬೇಡಿ.

ಇಲ್ಲಿ ನಿಮ್ಮ ಮ್ಯಾನಿಫೋಲ್ಡೇ ನಿಮಗೆ ಜಿಗ್. ಲೇತ್ ಕೆಲಸದವರ ಹತ್ತಿರ ಹೋಗಿ ಮ್ಯಾನಿಫೋಲ್ಡ್‌ನ ಸ್ಟಡ್ ತೂತಿನಲ್ಲಿ ಸರಿಯಾಗಿ ಕೂರುವ, ಅಲ್ಲಾಡದ ಒಂದು ಉಕ್ಕಿನ ಬುಷ್ ಮಾಡಿಸಿ, ನಡುವೆ 3 ಮಿ.ಮೀ. ತೂತು. ಅದೇ ಹೊರ ಅಳತೆಯ ಇನ್ನೊಂದು ಬುಷ್, 5 ಮಿ.ಮೀ. ತೂತಿನದ್ದು. ಮ್ಯಾನಿಫೋಲ್ಡನ್ನು ಉಳಿದ ಸ್ಟಡ್‌ಗಳಿಗೆ ಹಾಕಿ, ತೂತು ಮತ್ತು ಸ್ಟಡ್ ನಡುವಿನ ಸಡಿಲ ಎಲ್ಲ ಕಡೆ ಸಮ ಬರುವಂತೆ ಸರಿಸಿ ಬಿಗಿ ಮಾಡಿ. ಬುಷ್ ಇಳಿಸಿ. ಈಗ ಬಿಟ್ ಬೇರೆ ಕಡೆ ಹೋಗಲು ದಾರಿಯೇ ಇಲ್ಲ. ಮುರಿದ ಮುಖ ಓರೆಯಾಗಿದ್ದರೆ ಮೊದಲು ಸಣ್ಣ ಬರ್‌ನಿಂದ ಮಟ್ಟ ಮಾಡಿಕೊಳ್ಳಿ. ಈ ಒಂದು ಬುಷ್‌ಗೆ ಲೇತ್‌ನವರು ಕೇಳುವ ದುಡ್ಡು ಇಡೀ ಕೆಲಸದಲ್ಲಿ ನೀವು ಮಾಡುವ ಅತ್ಯಂತ ಸಾರ್ಥಕ ಖರ್ಚು.

ಬಿಟ್ ಕೋಬಾಲ್ಟ್‌ನದ್ದಿರಲಿ, ಸಾಧ್ಯವಾದರೆ ಎಡಗೈ ಬಿಟ್, ಅಂದರೆ ಮಷೀನನ್ನು ಉಲ್ಟಾ ತಿರುಗಿಸಿದಾಗ ಕೊರೆಯುವಂಥದ್ದು. ಬೆಂಗಳೂರಿನ ಟೂಲ್ಸ್ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ಕೊರೆಯುವ ಬಲವೇ ಬಿಚ್ಚುವ ಬಲ. ಸಡಿಲವಿದ್ದ ತುಂಡು ಎಷ್ಟೋ ಸಲ ಕೊರೆಯುತ್ತಿದ್ದಂತೆಯೇ ತಿರುಗಿ ಬಿಟ್‌ಗೆ ಅಂಟಿಕೊಂಡು ಹೊರಬರುತ್ತದೆ. 3 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಸುಮಾರು 1500 ಸುತ್ತು ಸಾಕು, ದಪ್ಪ ಬಿಟ್‌ಗೆ ಹೋದಂತೆ ಅರ್ಧಕ್ಕೆ ಇಳಿಸಿ. ಕಟಿಂಗ್ ಆಯಿಲ್ ಹಾಕುತ್ತಾ, ಒತ್ತಿ ಕೊರೆಯಿರಿ. ಒತ್ತಡವಿಲ್ಲದೆ ಬಿಟ್ ಉಜ್ಜಿಕೊಂಡೇ ಇದ್ದರೆ ಉಕ್ಕು ಬಿಸಿಗೆ ಗಟ್ಟಿಯಾಗುತ್ತದೆ. ಪಕ್ಕದಿಂದ ತೆಗೆದ ಸ್ಟಡ್ ಎಷ್ಟು ಆಳ ಇಳಿದಿತ್ತೋ ಅಳೆದು ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿ. ತೂತಿನ ತಳ ದಾಟಿದರೆ ಆಚೆ ವಾಟರ್ ಜಾಕೆಟ್, ಅಂದರೆ ಹೆಡ್ ತಂಪಾಗಿಡುವ ನೀರಿನ ದಾರಿ ಇರಬಹುದು. ಡ್ರಿಲ್ ನೇರವಾಗಿ ನಿಲ್ಲಲು ಜಾಗ ಸಾಲದಿದ್ದರೆ ಆಂಗಲ್ ಡ್ರಿಲ್ ತನ್ನಿ. ಅದಕ್ಕೂ ಜಾಗವಿಲ್ಲವೆಂದಾದರೆ ಹೆಡ್ ಇಳಿಸಿ ಎಂದ ಮೆಕ್ಯಾನಿಕ್ ಹೇಳಿದ್ದೇ ಸರಿ. ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್‌ನ ಖರ್ಚು ಸೇರುತ್ತದೆ ನಿಜ, ಆದರೆ ಮಿಲ್ಲಿಂಗ್ ಮಷೀನ್ ಮೇಲೆ ಕೂರಿಸಿದ ಹೆಡ್‌ನಲ್ಲಿ ಓರೆ ತೂತಿನ ಮಾತೇ ಬರುವುದಿಲ್ಲ.

3 ಆದ ಮೇಲೆ 5, ನಂತರ 6.5 ಮಿ.ಮೀ. ಎಂ8 ದೊಡ್ಡ ಥ್ರೆಡ್‌ಗೆ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆಯುವ ಮೊದಲಿನ ತೂತು 6.8. ಹಾಗಾಗಿ 6.5ಕ್ಕೆ ಬಂದಾಗ ಸ್ಟಡ್‌ನಲ್ಲಿ ಉಳಿಯುವುದು ತೆಳ್ಳನೆಯ ಸಿಪ್ಪೆ ಮಾತ್ರ. ಅದರ ಒಂದು ಅಂಚನ್ನು ಸೂಜಿಮೊನೆಯ ಉಳಿಯಿಂದ ಒಳಕ್ಕೆ ಮಡಚಿ, ಪ್ಲೈಯರ್‌ನಿಂದ ಹಿಡಿದು ಸುತ್ತಿ ಎಳೆದರೆ ಸ್ಪ್ರಿಂಗ್‌ನಂತೆ ಬಿಚ್ಚಿ ಬರುತ್ತದೆ. ಕೊನೆಗೆ ಎಂ8 ಟ್ಯಾಪ್ ಕೈಯಿಂದ ಇಳಿಸಿ ಥ್ರೆಡ್ ಸ್ವಚ್ಛ ಮಾಡಿ. ಟ್ಯಾಪ್ ಇಳಿಸುವ ಮೊದಲು ಹಳೆಯ ಸ್ಟಡ್ ಪಕ್ಕ ಥ್ರೆಡ್ ಗೇಜ್ ಹಿಡಿದು ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ) 1.25 ಮಿ.ಮೀ. ಹೌದೇ ನೋಡಿಕೊಳ್ಳಿ. ವಿಲ್ಲಿಸ್ ಮೂಲದ ಹಳೆಯ ಮಹೀಂದ್ರಾ ಜೀಪು ಇಟ್ಟುಕೊಂಡವರಿಗೆ ಈ ಮಾತು ಇನ್ನೂ ಮುಖ್ಯ: ಅವುಗಳಲ್ಲಿ ಇಂಚಿನ ಥ್ರೆಡ್ ಇರುತ್ತದೆ. 5/16 ಇಂಚು ಎಂದರೆ 7.94 ಮಿ.ಮೀ., ಎಂ8 ಬೋಲ್ಟ್ ಎರಡು ಸುತ್ತು ಚೆನ್ನಾಗಿಯೇ ಹೋಗುತ್ತದೆ, ಮೂರನೆಯದಕ್ಕೆ ಕಚ್ಚುತ್ತದೆ. ಬಲವಂತ ಮಾಡಿದರೆ ಇಲ್ಲಿ ಬರೆದ ಇಡೀ ಕಥೆ ಅಲ್ಲಿಂದ ಶುರು.

ತೂತು ಓರೆಯಾಗಿ ಥ್ರೆಡ್ ಹೋಗಿಬಿಟ್ಟರೂ ಹೆಡ್ ಸತ್ತಿಲ್ಲ. ಹೆಲಿಕಾಯಿಲ್ ಹಾಕಿಸಿ. ಕಿಟ್‌ನಲ್ಲಿ ಬರುವ ಬಿಟ್‌ನಿಂದ ಸುಮಾರು 8.3 ಮಿ.ಮೀ.ಗೆ ಅಗಲಿಸಿ, ಅದರದೇ ಟ್ಯಾಪ್ ಹೊಡೆದು, ಸ್ಟೇನ್‌ಲೆಸ್ ತಂತಿಯ ಸುರುಳಿ ಇಳಿಸುತ್ತಾರೆ. ಅಲ್ಯೂಮಿನಿಯಂನಲ್ಲಿ 12ರಿಂದ 16 ಮಿ.ಮೀ. ಉದ್ದದ್ದು ಹಾಕಿಸಿದರೆ ಮೂಲ ಥ್ರೆಡ್‌ಗಿಂತಲೂ ಗಟ್ಟಿಯಾಗುತ್ತದೆ. ದೊಡ್ಡ ಅಳತೆಯ ಬೋಲ್ಟ್ ಹಾಕಿ ಸುಧಾರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಸ್ಟಡ್ ಸುತ್ತಲಿನ ಲೋಹವೇ ಕಡಿಮೆ.

ಈಗಾಗಲೇ ಯಾರಾದರೂ ಈಜಿ ಔಟ್ ಅಥವಾ ಟ್ಯಾಪ್ ಒಳಗೆ ಮುರಿದಿದ್ದರೆ ಡ್ರಿಲ್ ಮುಟ್ಟಬೇಡಿ. ಸ್ಪಾರ್ಕ್ ಎರೋಷನ್, ಅಂದರೆ ಇಡಿಎಂ ಮಾಡುವವರಲ್ಲಿಗೆ ಹೆಡ್ ಒಯ್ಯಿರಿ. ಕಿಡಿಯಿಂದ ಗಟ್ಟಿ ಉಕ್ಕನ್ನು ಕಣಕಣವಾಗಿ ತಿನ್ನಿಸುತ್ತಾರೆ, ಸುತ್ತಲಿನ ಥ್ರೆಡ್ ಉಳಿಯುತ್ತದೆ. ಬೆಂಗಳೂರಿನ ಪೀಣ್ಯದ ಟೂಲ್ ರೂಮ್‌ಗಳಲ್ಲಿ ಈ ಕೆಲಸ ಮಾಡಿಸಬಹುದು. ಅಷ್ಟು ದೂರ ಹೋಗಲು ಆಗದವರಿಗೆ ಇನ್ನೊಂದು ದಾರಿಯಿದೆ, ನಿಧಾನದ್ದು: ಇಳಿಸಿದ ಅಲ್ಯೂಮಿನಿಯಂ ಭಾಗದಲ್ಲಿ ಸಿಕ್ಕ ಉಕ್ಕನ್ನು ಬಿಸಿಯಾದ ಪಟಿಕದ ನೀರು ಕರಗಿಸುತ್ತದೆ, ಅಲ್ಯೂಮಿನಿಯಂಗೆ ಹೆಚ್ಚು ತೊಂದರೆ ಮಾಡುವುದಿಲ್ಲ. ಆದರೆ ಹೆಡ್‌ನಲ್ಲಿ ಉಕ್ಕಿನ ವಾಲ್ವ್ ಸೀಟ್, ಗೈಡ್ ಎಲ್ಲ ಇವೆ. ಪಟಿಕದ ನೀರು ಆ ಒಂದು ತೂತು ಬಿಟ್ಟು ಬೇರೆಲ್ಲಿಗೂ ಹರಿಯದಂತೆ ಕಟ್ಟೆ ಕಟ್ಟಬೇಕು. ಸಣ್ಣ ಕೇಸಿಂಗ್‌ಗಳಿಗೆ ಸರಿ, ಹೆಡ್‌ಗೆ ನಾನು ಇಡಿಎಂ ಅನ್ನೇ ಹೇಳುತ್ತೇನೆ.

ಸ್ಟಡ್ ಬಂತು ಎಂದು ಹೊಸದು ಹಾಕಿ ಮುಗಿಸಿದರೆ ಮುಂದಿನ ವರ್ಷ ಅದೇ ತುದಿಯ ಸ್ಟಡ್ ಮತ್ತೆ ಮುರಿಯುತ್ತದೆ. ಯಾಕೆ ತುದಿಯದ್ದೇ? ಮ್ಯಾನಿಫೋಲ್ಡ್ ಬೀಡುಕಬ್ಬಿಣ, ಹೊರೆ ಬಿದ್ದಾಗ ಐದುನೂರು ಡಿಗ್ರಿ ಮುಟ್ಟುವುದು ಸಾಮಾನ್ಯ. ಹೆಡ್ ನೀರಿನಿಂದ ತಂಪಾಗಿ ನೂರರ ಆಸುಪಾಸಿನಲ್ಲಿರುತ್ತದೆ. ಒಂದಡಿಗೂ ಮಿಕ್ಕಿದ ಉದ್ದದಲ್ಲಿ ಎರಡರ ಹಿಗ್ಗುವಿಕೆಯಲ್ಲಿ ಒಂದು ಮಿ.ಮೀ.ಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ನಡುವಿನ ಸ್ಟಡ್‌ಗಳಿಗೆ ಅದು ತಾಗುವುದೇ ಇಲ್ಲ, ಎರಡು ತುದಿಯವು ಪ್ರತಿ ಸಲ ಬಾಗುತ್ತವೆ. ಅದಕ್ಕೆ ಮ್ಯಾನಿಫೋಲ್ಡ್‌ನ ತೂತುಗಳು ಸ್ಟಡ್‌ಗಿಂತ ದೊಡ್ಡವಿರುತ್ತವೆ, ಜಾರಲಿ ಎಂದು. ತುಕ್ಕು, ಮಸಿ ತುಂಬಿದ ತೂತುಗಳಲ್ಲಿ ಜಾರುವುದು ನಿಲ್ಲುತ್ತದೆ. ಅವನ್ನು ಕೆರೆದು ತೆರೆಯಿರಿ. ಏರು ಹತ್ತಿ ಕಾದ ಎಂಜಿನ್ ನೇರ ಹಳ್ಳಕ್ಕಿಳಿದರೆ ತಣ್ಣೀರು ಬಡಿದು ಮ್ಯಾನಿಫೋಲ್ಡ್ ಸೊಟ್ಟಗಾಗುತ್ತದೆ. ಮುಖಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಫೀಲರ್ ಗೇಜ್ ತೂರಿಸಿ: 0.1 ಮಿ.ಮೀ.ಗಿಂತ ಹೆಚ್ಚಿನ ಸಂದು ಕಂಡರೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಸೊಟ್ಟ ಮ್ಯಾನಿಫೋಲ್ಡನ್ನು ನಟ್ ಬಿಗಿದು ನೆಟ್ಟಗೆ ಮಾಡಲು ಹೋದರೆ ಸ್ಟಡ್ ಬಿಗಿದ ದಿನವೇ ಅರ್ಧ ದಣಿದಿರುತ್ತದೆ. ಗಾಡಿಯ ಕೆಳಗೆ ಮಲಗಿ ಸೈಲೆನ್ಸರ್ ಹ್ಯಾಂಗರ್ ರಬ್ಬರ್‌ಗಳನ್ನೂ ನೋಡಿ. ತೋಟದ ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಅವು ಹರಿದು, ಪೈಪಿನ ಪೂರ್ತಿ ಭಾರ ಮ್ಯಾನಿಫೋಲ್ಡ್‌ಗೆ ನೇತಾಡುವುದು ತೀರಾ ಸಾಮಾನ್ಯ. ಎಂಜಿನ್ ಮೌಂಟ್ ಸತ್ತಿದ್ದರೂ ಅದೇ ಪರಿಣಾಮ.

ಎರಡು ಮುರಿದಿವೆ ಎಂದು ಎರಡನ್ನೇ ಬದಲಿಸಬೇಡಿ. ಉಳಿದವೂ ಅಷ್ಟೇ ವರ್ಷ ದುಡಿದಿವೆ, ಹೆಡ್ ಬಿಸಿಯಿರುವಾಗ ಅವನ್ನೂ ತೆಗೆದುಬಿಡಿ. ಹೊಸ ಸ್ಟಡ್‌ಗಳಿಗೆ ನಿಕ್ಕಲ್ ಇರುವ ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ, ಕೈಬಿಗಿಗಿಂತ ಸ್ವಲ್ಪ ಮಾತ್ರ ಹೆಚ್ಚು ಬಿಗಿ ಮಾಡಿ. ನಟ್ ತಾಮ್ರದ ಲೇಪದ್ದು ಹಾಕಿ, ಅದು ಉಕ್ಕಿಗೆ ಕಚ್ಚಿಕೊಳ್ಳುವುದಿಲ್ಲ. ಹೊಸ ಗ್ಯಾಸ್ಕೆಟ್. ನಡುವಿನಿಂದ ತುದಿಗಳ ಕಡೆಗೆ, ಎರಡು ಹಂತದಲ್ಲಿ, ಟಾರ್ಕ್ ಪಾನಾದಿಂದ 20ರಿಂದ 25 ನ್ಯೂಟನ್ ಮೀಟರ್. ಆಂಟಿಸೀಜ್ ಹಚ್ಚಿದ ಥ್ರೆಡ್ ಜಾರು ಹೆಚ್ಚು, ಅದೇ ಟಾರ್ಕ್‌ಗೆ ಎಳೆತ ಜಾಸ್ತಿ ಬೀಳುತ್ತದೆ. ಹಾಗಾಗಿ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿ. ಕೆಲವು ದಿನ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮತ್ತೊಮ್ಮೆ ಪರೀಕ್ಷಿಸಿ. ಅಲ್ಲಿಯವರೆಗೆ ಗಾಡಿ ಓಡಿಸಲೇಬೇಕಾಗಿ ಬಂದರೆ ಪರದೆಗಳನ್ನು ಮೇಲೆ ಕಟ್ಟಿ ಗಾಳಿ ಆಡುವಂತೆ ಓಡಿಸಿ, ನಿಂತ ಗಾಡಿಯಲ್ಲಿ ಎಂಜಿನ್ ಚಾಲೂ ಇಟ್ಟು ಒಳಗೆ ಕೂರಬೇಡಿ. ಮ್ಯಾನಿಫೋಲ್ಡ್‌ನಲ್ಲಿ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನು ಕಮಾನ್ ಪಟ್ಟಾದ ಕಣ್ಣಿನ ಬೋಲ್ಟ್. ಅದು ಮುರಿದರೆ ಮುರಿಯಲಿ, ಅಲ್ಲಿ ಉಳಿಸಿಕೊಳ್ಳಬೇಕಾದ ಥ್ರೆಡ್ ಏನೂ ಇಲ್ಲ. ಬೋಲ್ಟ್ ಸಾಮಾನ್ಯವಾಗಿ ಕಚ್ಚಿಕೊಂಡಿರುವುದು ರಬ್ಬರ್ ಬುಷ್ ಒಳಗಿನ ಉಕ್ಕಿನ ತೋಳಿಗೆ. ನೀವು ಎಷ್ಟು ಉದ್ದದ ಪೈಪ್ ಹಾಕಿ ತಿರುಗಿಸಿದರೂ ರಬ್ಬರ್ ತಿರುಚಿಕೊಂಡು ವಾಪಸು ಬರುತ್ತದೆ ಅಷ್ಟೆ. ಅದಕ್ಕೆ ಗ್ಯಾಸ್ ಹೀಟ್ ಕೊಡಿಸಬೇಡಿ: ರಬ್ಬರ್ ಹೊತ್ತಿಕೊಳ್ಳುತ್ತದೆ, ಬ್ರೇಕ್ ಹೋಸ್, ಪೆಟ್ರೋಲ್ ಪೈಪ್ ಹತ್ತಿರವೇ ಇವೆ, ಕಮಾನ್ ಪಟ್ಟಾದ ಉಕ್ಕಿನ ಹದವೂ ಕೆಡುತ್ತದೆ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ ಬೇರೆ ಜಾಕ್ ಕೊಟ್ಟು ಪಟ್ಟಾದ ಎಳೆತ ಇಳಿಸಿ, ಕಣ್ಣಿಗೂ ಬ್ರಾಕೆಟ್‌ಗೂ ನಡುವಿನ ಸಂದಿನಲ್ಲಿ ಗರಗಸದ ಬ್ಲೇಡ್ ತೂರಿಸಿ ಎರಡೂ ಕಡೆ ಬೋಲ್ಟ್ ಕತ್ತರಿಸಿಬಿಡಿ. ಹೊಸ ಬೋಲ್ಟ್, ಹೊಸ ಬುಷ್. ಬೋಲ್ಟ್‌ನ ನಯವಾದ ಭಾಗಕ್ಕೆ ಗ್ರೀಸ್ ಅಥವಾ ಆಂಟಿಸೀಜ್ ಹಚ್ಚಿ ತೂರಿಸಿ, ಆದರೆ ಪೂರ್ತಿ ಬಿಗಿ ಮಾಡುವುದು ಗಾಡಿ ಚಕ್ರದ ಮೇಲೆ ನಿಂತು ಭಾರ ಪಟ್ಟಾದ ಮೇಲೆ ಕೂತ ನಂತರ. ಜಾಕ್ ಮೇಲಿರುವಾಗಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಒಂದೇ ಮಳೆಗಾಲಕ್ಕೆ ಹರಿಯುತ್ತದೆ. ಆ ಕೆಲಸಕ್ಕೆ ಕೆಳಗೆ ಮಲಗಿದಾಗ ಯು-ಬೋಲ್ಟ್ ನಟ್‌ಗಳಿಗೂ ಪಾನಾ ಹಾಕಿ ನೋಡಿ. ಅವು ಸಡಿಲವಿದ್ದರೆ ಪಟ್ಟಾದ ಸೆಂಟರ್ ಬೋಲ್ಟ್ ಮೇಲೆ ಆಕ್ಸಲ್‌ನ ಪೂರ್ತಿ ತಳ್ಳಾಟ ಬೀಳುತ್ತದೆ. ಅದು ಮುರಿದರೆ ಆಕ್ಸಲ್ ಹಿಂದೆ ಮುಂದೆ ಸರಿದು ಗಾಡಿ ಇಳಿಜಾರಿನಲ್ಲಿ ಓರೆಗೆ ಎಳೆಯುತ್ತದೆ.